ಮಾತ್ರೆಯೊಳಗಿನ ಕಬ್ಬಿಣ

ಅಮ್ಮಾ,

ಇವತ್ತು ಆಸ್ಪತ್ರೆಯಲ್ಲಿ ಜಗಳ ಆಡಿ ಬಂದೆ. ನಿನ್ನ ಕಪಾಟು ಖಾಲಿ ಮಾಡುವಾಗ ಅಲ್ಲಿನ ಡಾಕ್ಟರು ಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆಗಳಲ್ಲಿ ಉಳಿದ ಕೊನೆಯ ಸ್ಟ್ರಿಪ್ ಸಿಕ್ಕಿತ್ತು. ಅದನ್ನು ಒಡೆದಿರಲಿಲ್ಲ, ಅವಧಿಯೂ ಮುಗಿದಿರಲಿಲ್ಲ. ನಮ್ಮ ಪ್ರಯೋಗಾಲಯಕ್ಕೆ ಒಯ್ದು, ಪುಡಿ ಮಾಡಿ, ಎರಡು ದಿನ ಯಂತ್ರದಲ್ಲಿಟ್ಟೆ. ಗಾಮಾ ಕಿರಣ ಹಾಯಿಸಿದರೆ ಕಬ್ಬಿಣ ಯಾವ ರೂಪದಲ್ಲಿದೆ ಎಂದು ಅದು ಗೆರೆ ಎಳೆದು ತೋರಿಸುತ್ತದೆ. ಮೈಗೆ ಹತ್ತುವ ಕಬ್ಬಿಣದ ಗೆರೆ ಕಾಣಲೇ ಇಲ್ಲ. ಇದ್ದದ್ದೆಲ್ಲ ತುಕ್ಕಿನಂಥ, ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರದ ಕಬ್ಬಿಣ.

ಆ ಗೆರೆಗಳ ಹಾಳೆಯನ್ನು ಡಾಕ್ಟರರ ಮೇಜಿನ ಮೇಲೆ ಹರಡಿ, "ನೀವು ಕೊಟ್ಟಿದ್ದು ಔಷಧಾನಾ, ತುಕ್ಕಾ?" ಎಂದು ಕೇಳಿದೆ.

"ಹೋದವರು ಹೋದ್ರು. ಈಗ ಇದನ್ನೆಲ್ಲ ಕೆದಕಿ ಏನಮ್ಮ ಪ್ರಯೋಜನ?" ಎಂದರು.

"ರಕ್ತ ಹೆಚ್ತಿಲ್ಲ ಅಂತ ಗೊತ್ತಾದಾಗ ಮಾತ್ರೆ ಯಾಕೆ ಬದಲಾಯಿಸಲಿಲ್ಲ?" ನನ್ನ ದನಿಗೆ ಹೊರಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಅವರು ಸಿಟ್ಟಾಗಲಿಲ್ಲ. ನಿನ್ನ ಫೈಲು ತೆಗೆದು ನನ್ನತ್ತ ತಿರುಗಿಸಿದರು. 'ರೋಗಿ ಮಾತ್ರೆ ಸೇವಿಸುತ್ತಿಲ್ಲ. ಮಗಳ ಹೇಳಿಕೆ' ಎಂದು ಬರೆದಿತ್ತು.

ನಾನು ಹಾಗೆ ಹೇಳಿದ ದಿನ ನೀನು ಪಕ್ಕದ ಕುರ್ಚಿಯಲ್ಲೇ ಕೂತು, "ದಿನಾ ನುಂಗ್ತಿದೀನಿ ಕಣೇ" ಅಂದಿದ್ದೆ. ಅದನ್ನು ಯಾರೂ ಬರೆದುಕೊಂಡಿರಲಿಲ್ಲ.