ದಿನವೂ ಬರುತ್ತಿದ್ದ ಸಂಖ್ಯೆ

ಶಿವಾಜಿನಗರ, ಬೆಂಗಳೂರು
೧೨ ಆಗಸ್ಟ್ ೨೦೨೫

ಪ್ರೀತಿಯ ಜೀಶಾನ್ ಭಾಯಿಗೆ ಶಮೀಮಳ ಸಲಾಂ.

ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಬೇಸರ ಮಾಡಿಕೊಳ್ಳಬೇಡಿ. ನನಗೆ ಬರೆಯಲು ಬರುವುದು ಐದನೇ ಕ್ಲಾಸಿನ ಕನ್ನಡ ಮಾತ್ರ. ನಿಮ್ಮ ಕೆಮ್ಮು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ? ಅಮ್ಮಿಯ ಮಂಡಿನೋವು ಹಾಗೇ ಇದೆ. ಜಗಳವಾಡಿ ಹೋದ ನಿಮ್ಮ ಹೆಸರನ್ನು ಅಬ್ಬಾ ಎತ್ತುವುದಿಲ್ಲ, ಆದರೆ ಸ್ವಿಚ್ ಆಫ್ ಆಗಿರುವ ನಿಮ್ಮ ಫೋನಿಗೆ ತಿಂಗಳು ತಿಂಗಳೂ ರೀಚಾರ್ಜ್ ಮಾಡಿಸುತ್ತಾರೆ.

ವಕಾರ್ ಚಾಚಾ ಅವರ ಇಂಟರ್ನೆಟ್ ಅಂಗಡಿಯ ಬೀಗ ಈಗಲೂ ನಾನೇ ತೆಗೆಯುವುದು. ನೀವು ಬರೆದ ಪ್ರೋಗ್ರಾಂ ಓಡುತ್ತಿದೆ. ಇಂಟರ್ನೆಟ್ಟಿನಲ್ಲಿ ಅಂಗಡಿಯ ಪುಟವನ್ನು ಯಾರು ತೆರೆದರೂ ಅವರ ಕಂಪ್ಯೂಟರಿನ ವಿಳಾಸವನ್ನು ಅದು ಒಂದು ಉದ್ದ ಸಂಖ್ಯೆಯಾಗಿ ಬರೆದಿಡುತ್ತದಲ್ಲ. ಯಂತ್ರಕ್ಕೆ ಅದು ಸಾಕು, ಮನುಷ್ಯರು ಓದಬೇಕಾದರೆ ನಾಲ್ಕು ತುಂಡು ಮಾಡಿ ನಡುವೆ ಚುಕ್ಕಿ ಇಡಬೇಕು ಎಂದು ಹೇಳಿಕೊಟ್ಟಿದ್ದಿರಿ. ಪ್ರೋಗ್ರಾಮಿನಲ್ಲಿ ಹಾಗೆ ತುಂಡು ಮಾಡುವ ಸಾಲುಗಳನ್ನು ಬರೆಯುವ ಮೊದಲೇ ಹೋಗಿಬಿಟ್ಟಿರಿ. ಮಾರನೇ ದಿನ ನಾನು ಮೊದಲ ಸಲ ಆ ಪಟ್ಟಿ ನೋಡಿದೆ. ಮೇಲುಗಡೆಯೇ 2130706433 ಇತ್ತು. ಆಮೇಲೆ ದಿನವೂ, ಗಿರಾಕಿಗಳು ಬರುವ ಮೊದಲೇ, ಅದೇ ಸಂಖ್ಯೆ. ನೀವೇ ಎಲ್ಲಿಂದಲೋ ನೋಡುತ್ತಿದ್ದೀರಿ ಎಂದುಕೊಂಡೆ. ಅಮ್ಮಿಗೂ ಹೇಳಿದೆ. ಅಂದಿನಿಂದ ಅಮ್ಮಿ ಬೆಳಿಗ್ಗೆ ಫೋನಿನಲ್ಲಿ "ದೇಖ್ಯಾ ಕ್ಯಾ ಉನೆ?" ಎಂದು ಕೇಳಿ, ನೋಡಿದರು ಎಂದ ಮೇಲೇ ಚಹಾ ಕುಡಿಯುತ್ತಾರೆ.

ಹೋದ ವಾರ ಚಾಚಾ ದೊಡ್ಡನೆಕ್ಕುಂದಿಯಿಂದ ಆಶ್ರಿತಾ ಎಂಬವರನ್ನು ಕರೆಸಿದರು. ಆ ಸಾಲುಗಳನ್ನು ಅವರು ಬರೆದು ಮುಗಿಸಿದರು. ಸಂಖ್ಯೆಗಳೆಲ್ಲ ಚುಕ್ಕಿ ಇಟ್ಟ ವಿಳಾಸಗಳಾದವು. ನಿಮ್ಮದು 127.0.0.1 ಆಯಿತು. ಅದು ಯಾವ ಊರು ಎಂದು ಕೇಳಲು ನನಗೆ ಅರ್ಧ ದಿನ ಧೈರ್ಯ ಬರಲಿಲ್ಲ. ಕೇಳಿದಾಗ ನಕ್ಕರು.

"ಊರಲ್ಲಮ್ಮಾ, ಇದೇ ಕಂಪ್ಯೂಟರ್ರು. ನೀನು ಆನ್ ಮಾಡ್ದಾಗ ತನ್ನ ಪೇಜ್ ತಾನೇ ತೆಗ್ದು, ಸರಿಯಾಗಿದ್ಯಾ ಅಂತ ನೋಡ್ಕೊಳತ್ತೆ."

ಉಳಿದ ವಿಳಾಸಗಳನ್ನೂ ಕೇಳಿದೆ. ಎಲ್ಲ ಅಂಗಡಿಯಿಂದಲೇ ಇಂಟರ್ನೆಟ್ ವೈರು ಎಳೆದುಕೊಂಡ ನಮ್ಮ ಬೀದಿಯ ಮನೆಗಳೇ. ಇಷ್ಟು ದಿನ ಸ್ವಿಚ್ ಹಾಕಿ ನೀವು ಬರುವಂತೆ ಮಾಡುತ್ತಿದ್ದವಳು ನಾನೇ, ಭಾಯಿ.

ಈ ಕಾಗದವನ್ನು ನಿಮ್ಮ ಗೆಳೆಯ ಅಕ್ತರ್ ಕೈಗೆ ಕೊಡುತ್ತೇನೆ. ನೀವೆಲ್ಲಿದ್ದೀರೆಂದು ತಮಗೂ ಗೊತ್ತಿಲ್ಲ ಎನ್ನುತ್ತಾರೆ, ಆದರೂ ಕೊಡು ಎಂದರು. ಎಲ್ಲೇ ಇದ್ದರೂ ಅಲ್ಲಾಹ್ ನಿಮ್ಮನ್ನು ಕಾಯಲಿ.

ನಿಮ್ಮ ತಂಗಿ,
ಶಮೀಮ್

ಬರೆಯಲು ಮರೆತೆ. ನಿಮ್ಮ ಸಂಖ್ಯೆಯನ್ನು ಕಣ್ಣಾರೆ ನೋಡಬೇಕೆಂದು ಅಮ್ಮಿ ಈ ಶುಕ್ರವಾರ ಅಂಗಡಿಗೆ ಬರುತ್ತಾರಂತೆ. ಅಷ್ಟರೊಳಗೆ, ಎಲ್ಲಿಂದಾದರೂ ಸರಿ, ಒಂದೇ ಒಂದು ಸಲ ನಮ್ಮ ಪುಟ ತೆರೆಯಿರಿ. ಅವರಿಗೆ ನಾನಿನ್ನೂ ಏನೂ ಹೇಳಿಲ್ಲ. ಇವತ್ತು ಬೆಳಿಗ್ಗೆಯೂ ಸ್ವಿಚ್ ಹಾಕಿ, ಆ ವಿಳಾಸ ಬರುವವರೆಗೆ ನಿಂತಿದ್ದೆ. ಆಮೇಲೆ ಅಮ್ಮಿಗೆ ಫೋನ್ ಮಾಡಿ, ಚಹಾ ಕುಡಿಯಿರಿ ಎಂದೆ.