ಅಕ್ಕ ಕೇಳಿದ ಕಂಪ್ಯೂಟರು

ಮಾರ್ಚ್ ೯, ಭಾನುವಾರ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಬೈಯಲೇಬೇಕೆನಿಸಿದರೆ ಮುಂದಿನ ವಾರ ಬೈಯಿ, ಈ ವಾರದ ಪಾಲು ಅಮ್ಮನಿಂದ ಆಗಲೇ ಸಂದಾಯವಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಅಂಗಡಿಯ ಪಾಡು ನಿನಗೇ ಗೊತ್ತು. ಕಸೂತಿ ಯಂತ್ರದ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು, ಕೂಗಿದರೆ ಅಮ್ಮನಿಗೆ ಕೇಳುತ್ತದೆ. ನೀನು ಕೇಳಿರುವುದು ಕೂಗಿ ಹೇಳುವ ವಿಷಯವಲ್ಲ.

ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ವಾಸಿ. ಯಂತ್ರಕ್ಕೆ ಹೊಸ ಬೆಲ್ಟು ಹಾಕಿಸಿದರೂ ಅದರ ಗಂಟಲು ಇಳಿದಿಲ್ಲ. ನರ್ಸರಿ ಶಾಲೆಯವರು ಮಕ್ಕಳ ಟವೆಲಿನ ಮೇಲೆ ಹೆಸರು ಹಾಕಿಸಲು ಒಂದು ಮೂಟೆ ತಂದು ಸುರಿದಿದ್ದಾರೆ. ಶಾಲೆ ಬಿಟ್ಟವಳ ಕೈಯಲ್ಲೇ ಶಾಲೆಯವರ ಕೆಲಸ, ನೋಡು!

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. 'ದಿನಬಳಕೆಗೆ ವಿಂಡೋಸ್ ವಾಸಿಯೋ ಮ್ಯಾಕ್ ವಾಸಿಯೋ, ನೀನೇ ನೋಡಿ ಹೇಳು, ನೀನು ಹೇಳಿದ್ದನ್ನೇ ಕೊಳ್ಳುತ್ತೇನೆ' ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಾನು ಒಂದು ಗೇಣು ಎತ್ತರವಾದೆ. ನನ್ನನ್ನು ಯಾರೂ ಏನನ್ನೂ ಆರಿಸು ಎಂದವರಲ್ಲ.

ಅಮ್ಮನಿಗೆ ಸುದ್ದಿ ಹೇಳಿದ ಕೂಡಲೇ ತೀರ್ಪು ಬಂತು. "ಕೇಳೋದೇನಿದೆ? ವಿಂಡೋಸ್. ನಮ್ಮ ಕಸೂತಿ ಸಾಫ್ಟ್‌ವೇರ್ ಅದರಲ್ಲೇ ತಾನೆ ತೆರೆಯೋದು? ಅವಳು ದಿನಾ ಕಾಲೇಜು ಮುಗಿಸ್ಕೊಂಡು ಬಂದು ಸಂಜೆ ಹೊತ್ತು ಒಂದೊಂದು ಡಿಸೈನ್ ಮಾಡಿ ಕಳಿಸ್ತಾಳೆ. ಓದು ಮುಗೀತು ಅಂದ್ರೆ ಸೀದಾ ಅಂಗಡಿಗೆ." ನೀನು ಕಂಪ್ಯೂಟರು ಕೊಳ್ಳುವ ಮೊದಲೇ ಅಮ್ಮ ನಿನ್ನ ಮುಂದಿನ ಇಪ್ಪತ್ತು ವರ್ಷ ಹೊಲಿದು ಮುಗಿಸಿದ್ದಳು.

ಎದುರಿನ ಜೆರಾಕ್ಸ್ ಅಣ್ಣನನ್ನೂ ಕೇಳಿದೆ. ಅವನೂ ವಿಂಡೋಸ್ ಪಕ್ಷ. "ಕೆಟ್ರೆ ಯಾವ ಬೀದಿಲಾದ್ರೂ ರಿಪೇರಿಯವನು ಸಿಗ್ತಾನಮ್ಮ. ಯಾರು ಏನು ಫೈಲ್ ತಂದ್ರೂ ತೆರೆಯುತ್ತೆ. ನಂದು ನೋಡು, ಅಜ್ಜನ ಹಾಗೆ ಕೆಮ್ಮುತ್ತೆ, ಆದ್ರೂ ಎದ್ದು ಕೆಲಸ ಮಾಡುತ್ತೆ." ಲಿನಕ್ಸ್ ಅಂತ ಮೂರನೆಯದೊಂದು ಇದೆಯಂತೆ, ಪುಕ್ಕಟೆಯಂತೆ. ಪುಕ್ಕಟೆ ಎಂದದ್ದೇ ತಡ, ಅಷ್ಟು ಸದ್ದಿನ ನಡುವೆಯೂ ಅಮ್ಮ ಒಳಗಿನಿಂದ "ಯಾವುದು?" ಎಂದಳು.

ಮ್ಯಾಕ್ ನೋಡಲು ಮಾವನ ಫೋಟೊ ಸ್ಟುಡಿಯೊಗೆ ಹೋದೆ. ಮಾವ ಅದನ್ನು ತೆರೆಯುವ ಮೊದಲು ಕೈ ತೊಳೆದುಕೊಂಡ, ನನಗೂ ತೊಳೆಸಿದ. "ಮುಟ್ಟು, ಮೆತ್ತಗೆ ಮುಟ್ಟು. ಅದು ಒರಳಲ್ಲ ಕಣೇ, ಕುಟ್ಟೋಕೆ!" ಒಳ್ಳೆಯ ಯಂತ್ರವೇ, ಸುಳ್ಳು ಹೇಳಲಾರೆ. ಹಗುರ, ಸದ್ದಿಲ್ಲ. ಮೊದಮೊದಲು ಯಾವ ಕೀ ಒತ್ತಿದರೆ ಏನಾಗುತ್ತದೋ ತಿಳಿಯದೆ ತಡಬಡಾಯಿಸಿದೆ. ಆಮೇಲೆ ಬೆರಳಿಗೆ ರೂಢಿಯಾಯಿತು. ನಿನ್ನ ಕಾಲೇಜಿನ ಅನಿಮೇಷನ್ ಮೇಷ್ಟ್ರು ಹೇಳಿದ ಚಿತ್ರ ಬಿಡಿಸುವ ಸಾಫ್ಟ್‌ವೇರೂ ಅದರಲ್ಲಿತ್ತು.

ಪರೀಕ್ಷೆಗೆಂದು ನೀನು ಬರೆದ ನೀರುನಾಯಿಯ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. ಈಜು ಕ್ಲಬ್ಬಿನ ಟೊಪ್ಪಿಗೆ ಹಾಕಿದೆವಲ್ಲ, ಅದೇ. ತೆರೆದರೆ ಗುರುತೇ ಸಿಗಲಿಲ್ಲ ಅಕ್ಕ. ಅದಕ್ಕೆ ಮೀಸೆ ಇತ್ತು. ಒಂದೊಂದು ಕೂದಲೂ ಉಸಿರಿನಷ್ಟು ತೆಳ್ಳಗೆ, ತುದಿಯಲ್ಲಿ ನೀರಿನ ಹನಿ. ಟೊಪ್ಪಿಯ ಮೇಲೆ ನಾನು ಹೊಲಿದ ನೀರುನಾಯಿಗೆ ಇದ್ದದ್ದು ಪೊರಕೆ ಕಡ್ಡಿ.

ತಪ್ಪು ಯಾರದ್ದೂ ಅಲ್ಲ, ನಿಜ. ಗೆರೆ ಅಷ್ಟು ತೆಳುವಾದರೆ ಸೂಜಿ ಇಳಿದಲ್ಲೇ ಇಳಿದು ಬಟ್ಟೆ ಹರಿಯುತ್ತದೆ. ಅದಕ್ಕೇ ಅಮ್ಮ "ದಪ್ಪ ಮಾಡೇ, ಇನ್ನೂ ದಪ್ಪ ಮಾಡೇ" ಎನ್ನುತ್ತಿದ್ದಳು, ನೀನು ತುಟಿಪಿಟಕ್ಕೆನ್ನದೆ ಮಾಡಿ ಕೊಡುತ್ತಿದ್ದೆ. ಮನೆಗೆ ಬಂದು ಅದೇ ಚಿತ್ರವನ್ನು ನಮ್ಮ ಹಳೆಯ ವಿಂಡೋಸ್‌ನಲ್ಲೂ ತೆರೆದೆ. ನ್ಯಾಯ ಎಂದರೆ ನ್ಯಾಯ: ಮೀಸೆ ಅಲ್ಲೂ ಇತ್ತು. ನಾವೇ ಒಮ್ಮೆಯೂ ನೋಡಿರಲಿಲ್ಲ. ನೀನು ಬರೆದದ್ದನ್ನೆಲ್ಲ ನೇರವಾಗಿ ಕಸೂತಿ ಸಾಫ್ಟ್‌ವೇರಿಗೆ ಹಾಕಿ ದಪ್ಪ ಮಾಡಿಯೇ ನೋಡುತ್ತಿದ್ದೆವು.

ಆದ್ದರಿಂದ ನನ್ನ ತೀರ್ಮಾನ: ಮ್ಯಾಕ್ ತಗೋ. ವಿಂಡೋಸ್ ಕೆಟ್ಟದ್ದೆಂದು ಹೇಳುತ್ತಿಲ್ಲ, ಬೇರೆ ಯಾರಾದರೂ ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆನೇನೋ. ನಿನ್ನ ಮಟ್ಟಿಗೆ ಮ್ಯಾಕ್‌ನ ದೊಡ್ಡ ಗುಣವೇನೆಂದರೆ, ನಮ್ಮ ಕಸೂತಿ ಸಾಫ್ಟ್‌ವೇರ್ ಅದರಲ್ಲಿ ತೆರೆಯುವುದಿಲ್ಲ. ತೆರೆದರೆ ಅಮ್ಮ ದಿನಾ ಸಂಜೆ ಒಂದು ಲೋಗೊ ಕಳಿಸುತ್ತಾಳೆ, ನಿನಗೆ ಬೇಡವೆನ್ನಲು ಬಾಯಿ ಬರುವುದಿಲ್ಲ, ಅಲ್ಲಿ ಕೂತೂ ಮೀಸೆ ದಪ್ಪ ಮಾಡುತ್ತಿರುತ್ತೀಯ. ಹಾಗಾಗುವುದಾದರೆ ಅಷ್ಟು ದೂರ ಹೋದದ್ದಾದರೂ ಯಾಕೆ?

ಅಮ್ಮನ ಬೆನ್ನ ಹಿಂದೆ ಬರೆಯಲು ಮನಸ್ಸಾಗಲಿಲ್ಲ, ಎದುರಿಗೇ ಹೇಳಿದೆ. ಅಮ್ಮ ಯಂತ್ರ ನಿಲ್ಲಿಸಿದಳು. ಬೀದಿಯೇ ನಿಶ್ಶಬ್ದವಾಯಿತು.

"ಮ್ಯಾಕ್ ವಿಷಯ ಬರೀಬೇಡ. ಸುಳ್ಳು ಹೇಳು ಅಂದ್ನಾ ನಾನು? ಅರ್ಧ ಹೇಳು, ಸಾಕು."

"ಅರ್ಧ ಹೇಳೋಕೆ ನಂಗೆ ಬರಲ್ಲಮ್ಮ."

"ಬರಲ್ಲ! ಶಾಲೆ ಬಿಡೋಕೆ ಬಂತು, ಈಗ ಅಂಗಡಿ ಮುಚ್ಚಿಸೋಕೂ ಬರುತ್ತೆ. ಅವಳು ಬರಲಿಲ್ಲ ಅಂದ್ರೆ ಡಿಸೈನ್ ಯಾರೇ ಮಾಡ್ತಾರೆ? ನಿಮ್ಮ ಮಾವನಾ?"

"ನಾನು ಮಾಡ್ತೀನಿ."

ಅಮ್ಮ ಸಿಟ್ಟಿನ ನಡುವೆಯೂ ನಕ್ಕುಬಿಟ್ಟಳು. "ನೀನು ಗೆರೆ ಎಳೆದ್ರೆ ಹಾವೂ ನಾಚಿಕೊಂಡು ನೆಟ್ಟಗಾಗುತ್ತೆ."

ನಕ್ಕಳಲ್ಲ, ಅಷ್ಟು ಸಾಕು ಎಂದು ಮರುದಿನವೇ ಶುರುಮಾಡಿದೆ. ಬೇಕರಿಯವನ ಏಪ್ರನ್ನಿಗೆ ಬ್ರೆಡ್ಡಿನ ಚಿತ್ರ. ಗೆರೆಗಳನ್ನು ಮೊದಲಿಂದಲೇ ದಪ್ಪಗೆ ಎಳೆದೆ, ತೆಳ್ಳಗೆ ಎಳೆಯಲು ಬಂದರೆ ತಾನೆ ದಪ್ಪ ಮಾಡುವ ಗೋಳು! ಬೇಕರಿಯವ ಬಂದು ಏಪ್ರನ್ನನ್ನು ಬೆಳಕಿಗೆ ಹಿಡಿದು ನೋಡಿ, "ದಿಂಬು ಚೆನ್ನಾಗಿ ಬಂದಿದೆ" ಎಂದ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಆದರೂ ಅವನು ಒಯ್ದ. ಅವನ ಬ್ರೆಡ್ಡೂ ಹಾಗೇ ಇರುತ್ತದೆಂದು ಅಮ್ಮನ ಸಮಾಧಾನ. ಈಗ ಸಂಜೆ ಹೊತ್ತು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. "ಅಲ್ಲಿ ಹೊಲಿಗೆ ದಿಕ್ಕು ತಿರುಗಿಸು, ಬಟ್ಟೆ ಮುದುರುತ್ತೆ" ಎಂದು ಬೈಯುತ್ತಾ ಕಲಿಸುತ್ತಾಳೆ. ಶಾಲೆಯಲ್ಲಿ ಒಂದು ಗಂಟೆ ಕೂರಲಾಗದವಳು ಇಲ್ಲಿ ಕೂತಿದ್ದೇನೆ. ಅಂಗಡಿ ಮುಚ್ಚುವುದಿಲ್ಲ, ಧೈರ್ಯವಾಗಿರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ಆಶೀರ್ವಾದ ತಿಳಿಸು ಎಂದಿದ್ದಾಳೆ, ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದಳು, ಆದರೆ ಹೇಳಿದಳು. ಹರಸುವ ವಯಸ್ಸು ನನ್ನದಲ್ಲ, ಆದರೂ ನನ್ನದೊಂದು ಅದರ ಜೊತೆಗಿಟ್ಟಿದ್ದೇನೆ: ನಿನ್ನ ಗೆರೆಗಳು ತೆಳ್ಳಗೇ ಇರಲಿ.

ಇತಿ ನಿನ್ನ,
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ.

ಸ್ಟುಡಿಯೊದಿಂದ ಹೊರಟು ಚಪ್ಪಲಿ ಮೆಟ್ಟುವಾಗ ಮಾವ ಕೇಳಿದ, "ನಿಮ್ಮಕ್ಕ ತಗೊಂಡಿರೋದೂ ಇಂಥದ್ದೇ ಅಲ್ವೇನೇ? ಹೇಗೆ ಓಡ್ತಿದೆಯಂತೆ? ನಾನೇ ಜೊತೆಗೆ ಹೋಗಿ ಕೊಡಿಸಿದ್ದು." ಯಾವಾಗ ಎಂದು ಕೇಳಿದೆ. ಅವನು ಹೇಳಿದ ದಿನ ನೀನು ನನಗೆ ಕಾಗದ ಬರೆಯುವುದಕ್ಕೂ ಮೊದಲಿನದು.

ಮ್ಯಾಕ್ ಎಂದು ಆ ಹೊತ್ತಿಗಾಗಲೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ, ಅದು ಬದಲಾಗಲಿಲ್ಲ. ನೀನು ಕೇಳಿದ್ದಕ್ಕೆ ಮೇಲೆ ಬರೆದದ್ದೇ ಉತ್ತರ. ಆದರೆ ನಿನಗೆ ಬೇಕಿದ್ದದ್ದು ಉತ್ತರವಲ್ಲ, ಅಮ್ಮನ ಬೈಗುಳ ಹೊರಲು ಒಂದು ಬೆನ್ನು. ಶಾಲೆ ಬಿಟ್ಟ ಮೇಲೆ ಈ ಮನೆಯಲ್ಲಿ ಏನು ಕೆಟ್ಟರೂ ನನ್ನಿಂದ ಕೆಟ್ಟದ್ದು, ಇದೂ ಅದರ ಜೊತೆ ಸೇರಿಹೋಗುತ್ತದೆ ಎಂದುಕೊಂಡೆ ತಾನೆ? ಬೇರೆ ಯಾರಾದರೂ ಹಾಗೆ ಮಾಡಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಅಮ್ಮನಿಗೆ ಇದನ್ನು ಹೇಳಿಲ್ಲ. ಕೇಳಿದರೆ ನಾನು ಸುಳ್ಳು ಹೇಳುವವಳೂ ಅಲ್ಲ. ಅವಳು ಕೇಳುವ ಮೊದಲು ರಜಕ್ಕೆ ಬಾ, ಅದನ್ನು ಚೀಲದಿಂದ ತೆಗೆದು ಅವಳ ಮುಂದಿಡು. ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ. ಮಾತು ಮಾತ್ರ ನೀನೇ ಆಡಬೇಕು.