ನಿಮ್ಮ ಗುರುವಿಗೆ ನಮ್ಮ ಮನೆಯ ವಿಭೂತಿ

ಪ್ರೊಫೆಸರ್ ಶರಣಬಸವ ಅವರಿಗೆ,

ನಾಸಿಕ್ ರೋಡಿನಿಂದ ಗುಣವತಿ. ಒಡಹುಟ್ಟಿದವಳಾದರೂ ಅಣ್ಣಾ ಎಂದು ಬರೆಯಲು ಕೈ ಏಳಲಿಲ್ಲ. ಹುದ್ದೆಯನ್ನೇ ಬರೆದಿದ್ದೇನೆ, ಸಂತೋಷಪಡಿ.

ಔರಂಗಾಬಾದಿನ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದ ನಿಮ್ಮ ಲೇಖನ ನಮಗೂ ಸಿಕ್ಕಿತು. ನನ್ನ ಮಗಳು ರುಚಿತಾ ಅದನ್ನು ಅರ್ಧ ಮರಾಠಿ, ಅರ್ಧ ಕನ್ನಡ ಮಾಡಿ ಅವ್ವನಿಗೆ ಹೇಳಿದಳು. ವಿಷಯ ಮತ್ತೇನು, ನಿಮ್ಮ ಫಿಲಿಪ್ಪೀನ್ಸಿನ ಕಾದಂಬರಿಕಾರರು. ತಮ್ಮ ನಾಡಿನಲ್ಲಿ ಮೊಟ್ಟಮೊದಲು ಇಂಗ್ಲಿಷಿನಲ್ಲಿ ಕಾದಂಬರಿ ಬರೆದವರು. ಅವರ ಮೇಲೆ ನೀವು ಪಿಎಚ್.ಡಿ. ಮಾಡಿದಿರಿ, ಬಡ್ತಿ ಪಡೆದಿರಿ, ಮನಿಲಾ ನೋಡಿ ಬಂದಿರಿ. ಪಾಪ, ಸತ್ತ ಮೇಲೂ ಇಷ್ಟು ದುಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರು ಯಾರೆಂದು ಅವ್ವ ಕೇಳಿದ್ದಳು, ನೆನಪಿದೆಯೇ? ನೀವು ಪೇಪರಿನಿಂದ ತಲೆ ಎತ್ತದೆ, "ನನಗ ಇದೆಲ್ಲಾ ಅವರಿಂದನೇ ಸಿಕ್ಕದ, ಗುರು ಅಂತ ತಿಳ್ಕೊ" ಎಂದಿರಿ. ಬೀದರ ಕಡೆಯ ಲಿಂಗಾಯತ ಹೆಂಗಸಿಗೆ ಗುರು ಎಂದರೆ ಏನೆಂಬುದು ಅಷ್ಟರಲ್ಲೇ ನಿಮಗೆ ಮರೆತುಹೋಗಿತ್ತು. ನೀವು ಬಿಟ್ಟುಹೋದ ಪ್ರಬಂಧದಿಂದ ಅವ್ವ ಆ ಫೋಟೊ ಕತ್ತರಿಸಿ, ಕಟ್ಟು ಹಾಕಿಸಿ, ದೇವರ ಜಗಲಿಯ ಮೇಲಿಟ್ಟಳು. ಕೋಟು, ಟೈ ತೊಟ್ಟ ಆ ಮಹಾನುಭಾವರ ಹಣೆಗೆ ಪ್ರತಿ ಸೋಮವಾರ ವಿಭೂತಿ. ಅವರ ಕೆಳಗೆ ಗೌನು ತೊಟ್ಟ ನಿಮ್ಮ ಫೋಟೊ. ನಾನು ನಕ್ಕರೆ, ನಿಮ್ಮಣ್ಣನ ಅನ್ನದ ಮೂಲ ಅದು ಎಂದು ನನ್ನನ್ನೇ ಬೈದಳು.

ಹೋದ ಶ್ರಾವಣದಲ್ಲಿ ಸೆಮಿನಾರಿಗೆ ಹೊರಟ ನಿಮ್ಮ ಕಾರು ನಮ್ಮ ಓಣಿಯ ಬಾಯಲ್ಲೇ ಕೆಟ್ಟಿತು. ಇಲ್ಲದಿದ್ದರೆ ನೀವೆಲ್ಲಿ ಬರುತ್ತಿದ್ದಿರಿ! ಜೊತೆಗೆ ಇಬ್ಬರು ಸಹೋದ್ಯೋಗಿಗಳು. ಅವ್ವ ಜೋಳದ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ನೀವು ಕೈ ಮುಗಿದು ಮರಾಠಿಯಲ್ಲಿ, "ಕಶಾ ಆಹಾತ್, ಆಜಿ?" ಎಂದಿರಿ. ಹೇಗಿದ್ದೀರಿ ಅಜ್ಜಿ ಎಂದು, ಹೆತ್ತ ತಾಯಿಗೆ! ಅವ್ವ ನಿಮ್ಮ ಮುಖ ನೋಡಿದಳು, ಆ ಇಬ್ಬರನ್ನೂ ನೋಡಿದಳು. "ಬರೀ ಆಹೆ," ಚೆನ್ನಾಗಿದ್ದೇನೆ ಎಂದು ತಾನೂ ಮರಾಠಿಯಲ್ಲೇ ಹೇಳಿ ನಿಮ್ಮ ಮಾನ ಉಳಿಸಿದಳು. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಹೆಗ್ಗಣಕ್ಕಾದರೂ ಹೆತ್ತವಳ ಗುರುತಿರುತ್ತದೆ.

ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಜಗಲಿಯ ಮೇಲೆ ಆ ಫೋಟೊ ಕಂಡ ನಿಮಗೆ ಲೇಖನ ಬೇಕಿತ್ತಲ್ಲ. ನಾಸಿಕದ ಒಂದು ಬಡ ಮನೆಯಲ್ಲಿ ಅಕ್ಷರ ಅರಿಯದ ಒಬ್ಬ ಮುದುಕಿ ಆ ಲೇಖಕರ ಚಿತ್ರಕ್ಕೆ ಭಸ್ಮ ಹಚ್ಚುತ್ತಾಳಂತೆ. ಇನ್ನೊಬ್ಬ ಹೆಂಗಸು ಚಹಾ ತಂದುಕೊಟ್ಟಳಂತೆ. ದೊಡ್ಡ ಸಾಹಿತ್ಯ ಕಡಲು ದಾಟುವುದು ಹೀಗಂತೆ. ಕಡಲು ದಾಟಿ ಬಂದವರಿಗೆ ನಮ್ಮ ಹೊಸ್ತಿಲು ಸಿಕ್ಕಿತು, ಅದರೊಳಗೆ ಹುಟ್ಟಿದ ನಿಮಗೆ ಸಿಗಲಿಲ್ಲ.

ಅವ್ವ ಎಲ್ಲ ಕೇಳಿದಳು. "ನನ್ನ ಹೆಸರು ಹಾಕ್ಯಾನೇನು?" ಎಂದಳು. ಇಲ್ಲ ಅಜ್ಜಿ, ಒಬ್ಬ ಮುದುಕಿ ಅಂತ ಬರದಾರ ಎಂದಳು ರುಚಿತಾ. ಅವ್ವ ಜಗಲಿಯತ್ತ ತಿರುಗಿದಳು. ಆಮೇಲೆ, ಆ ಗುರುವಿಗೆ ಅವರವ್ವನ ಮಾತು ಬರುತ್ತಿತ್ತೇ ಎಂದು ಕೇಳಿದಳು. ರುಚಿತಾ ನಿಮ್ಮ ಲೇಖನದ ಕೊನೆಗೆ ಹೋದಳು. ನೀವೇ ಒಂದು ಸಾಲು ಬರೆದಿದ್ದೀರಿ: ಅವರು ತಮ್ಮ ಮನೆಮಾತಿನಲ್ಲೂ ಪುಸ್ತಕ ಬರೆದಿದ್ದರು. ನಿಮಗದು ಬರೀ ಮಾಹಿತಿ. ಅವ್ವ ಅದನ್ನು ಎರಡು ಸಲ ಹೇಳಿಸಿಕೊಂಡಳು.

"ಹಂಗಾದ್ರ ಗುರು ಇರ್ಲಿ," ಎಂದಳು. "ಶಿಷ್ಯನ್ನ ಕೆಳಗ ಇಳಸು."

ಇಳಿಸಿದೆ. ನಿಮ್ಮ ಫೋಟೊವನ್ನು ನಿಮ್ಮ ಲೇಖನದಲ್ಲೇ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಬೇಕಾದರೆ ಬಂದು ಒಯ್ಯಿರಿ, ಆದರೆ ಒಬ್ಬರೇ ಬನ್ನಿ. ಅವ್ವ ಇನ್ನು ನಿಮ್ಮ ಜೊತೆ ಮರಾಠಿ ಮಾತಾಡುವುದಿಲ್ಲ.

ನಿಮ್ಮ ಗುರುಗಳು ನಮ್ಮಲ್ಲಿ ಕ್ಷೇಮವಾಗಿದ್ದಾರೆ. ಅವರ ಪುಣ್ಯ ನಿಮ್ಮನ್ನು ಕಾಯಲಿ.

ಇಂತಿ,
ಚಹಾ ತಂದುಕೊಟ್ಟ ಇನ್ನೊಬ್ಬ ಹೆಂಗಸು